ಅಂಬವ್ವ ಕೂಡಬೇಕಿದ್ದ ಸೀಟು

ಮೂವತ್ತೈದು ವರ್ಷ ಬಸ್ಸು ನಡೆಸಿದ ಮನುಷ್ಯನ ಹೆಂಡತಿ ಒಂದು ಸಲವೂ ಅವನ ಬಸ್ಸು ಹತ್ತಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಶಿವಶರಣಪ್ಪನ ಮಟ್ಟಿಗೆ ಅದು ನಿಜ. ಭಾಲ್ಕಿ ಕಡೆಯ ಹಳ್ಳಿಯಿಂದ ಇಪ್ಪತ್ತೈದರ ವಯಸ್ಸಿಗೆ ಹೈದರಾಬಾದಿಗೆ ಬಂದು, ಪಟಾನ್‌ಚೆರುವಿನ ಒಂದು ಔಷಧಿ ಕಾರ್ಖಾನೆಯಲ್ಲಿ ಬಸ್ ಡ್ರೈವರಾಗಿ ಸೇರಿದವನು, ಹೋದ ವರ್ಷ ನಿವೃತ್ತಿಯ ಶಾಲು ಹೊದಿಸಿಕೊಂಡು ಮನೆಗೆ ಬರುವ ತನಕ ಅದೇ ಕೆಲಸ ಮಾಡಿದ. ಅಷ್ಟರಲ್ಲಿ ಬಸ್ಸುಗಳು ನಾಲ್ಕು ಬದಲಾದವು, ಡ್ರೈವರ್ ಬದಲಾಗಲಿಲ್ಲ. ಕಂಪನಿಯ ಬಸ್ಸಿನಲ್ಲಿ ಕೆಲಸಗಾರರನ್ನು ಬಿಟ್ಟು ಬೇರೆ ಯಾರೂ ಕೂಡಬಾರದು, ಡ್ರೈವರನ ಮನೆಯವರಂತೂ ಕೂಡಲೇಬಾರದು ಎಂಬ ನಿಯಮವಿತ್ತು. ಶಿವಶರಣಪ್ಪ ನಿಯಮ ಎಂದರೆ ಗೆರೆ ದಾಟದ ಆಸಾಮಿ. ಹೆಂಡತಿ ಅಂಬವ್ವ ಕಾಯಿಪಲ್ಯದ ಚೀಲ ಹಿಡಿದು ಸ್ಟಾಪಿನಲ್ಲಿ ನಿಂತಿದ್ದರೆ ಎರಡು ಸಲ ಸಣ್ಣಗೆ ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದ. ಅವಳು ಸೆರಗು ಸರಿಮಾಡಿಕೊಂಡು ನಗುತ್ತಿದ್ದಳು. ಆ ಬಸ್ಸಿನಿಂದ ಅವಳಿಗೆ ಸಿಕ್ಕಿದ್ದು ಇಷ್ಟೇ.

ಒಂದು ದಿನ ಮಾತ್ರ ಅವಳು ನಗಲಿಲ್ಲ. ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ಆಗ ಅವರ ಬಾಡಿಗೆ ಮನೆ ಪಟಾನ್‌ಚೆರುವಿನಲ್ಲೇ ಇತ್ತು. ಅಂಬವ್ವನ ತಾಯಿ ತೀರಿಕೊಂಡ ಸುದ್ದಿ ಮಧ್ಯಾಹ್ನ ಕಿರಾಣಿ ಅಂಗಡಿಯ ಫೋನಿಗೆ ಬಂತು. ಅವಳು ಸಿಕ್ಕ ಬಟ್ಟೆಯನ್ನು ಗಂಟು ಕಟ್ಟಿಕೊಂಡು, ಮಗನ ಕೈ ಹಿಡಿದು, ಸ್ಟಾಪಿಗೆ ಓಡಿಬಂದಳು. ಅದೇ ಹೊತ್ತಿಗೆ ಶಿವಶರಣಪ್ಪನ ಬಸ್ಸು ಎರಡನೇ ಪಾಳಿಯವರನ್ನು ಕರೆತರಲು ಸಂಗಾರೆಡ್ಡಿಗೆ ಖಾಲಿ ಹೊರಟಿತ್ತು. ಬೀದರಿಗೆ ಹೋಗುವ ದಾರಿಯೂ ಅದೇ, ಸಂಗಾರೆಡ್ಡಿಯಲ್ಲಿ ಬೀದರ ಬಸ್ಸು ಬೇಗ ಸಿಗುತ್ತಿದ್ದವು. ಅಂಬವ್ವ ಕೈ ಎತ್ತಿದಳು. ಯಾರು ಸತ್ತಿದ್ದಾರೆಂದು ಅವನಿಗೆ ಗೊತ್ತಿರಲಿಲ್ಲ. ಆದರೆ ಎತ್ತಿದ ಕೈ ಕಂಡಿತು, ಅವಳ ಮುಖವೂ ಕಂಡಿತು. ಆಗ ಅವನ ಕಣ್ಣು ಚೆನ್ನಾಗಿದ್ದವು. ಹಿಂದೆ ಸೂಪರ್‌ವೈಸರನ ಜೀಪು ಬರುತ್ತಿತ್ತು. ಅವನು ಎರಡು ಸಲ ಹಾರ್ನ್ ಹೊಡೆದು ಹೋಗಿಬಿಟ್ಟ.

ಅಂದು ಅಂಬವ್ವನಿಗೆ ಬೀದರ ಬಸ್ಸು ಸಿಕ್ಕಿದ್ದು ಎರಡು ತಾಸಿನ ಮೇಲೆ. ಊರು ಮುಟ್ಟುವಷ್ಟರಲ್ಲಿ ತಾಯಿಯನ್ನು ಮಣ್ಣು ಮಾಡಿ ಜನ ಕೈಕಾಲು ತೊಳೆದುಕೊಳ್ಳುತ್ತಿದ್ದರು. ಅರ್ಧ ತಾಸು ಮೊದಲು ಬಂದಿದ್ದರೆ ಮುಖ ನೋಡುತ್ತಿದ್ದೆಯಲ್ಲವ್ವ ಎಂದು ಯಾರೋ ಅಂದರು. ಅಂದವರು ಅಂದು ಮರೆತರು, ಅವಳು ಮರೆಯಲಿಲ್ಲ.

ಶಿವಶರಣಪ್ಪ ತಪ್ಪಾಯಿತು ಎನ್ನಲಿಲ್ಲ. ನಮ್ಮ ಗಂಡಸರಿಗೆ ಆ ಮಾತು ಗಂಟಲು ದಾಟುವುದಿಲ್ಲ. ಅದರ ಬದಲಿಗೆ ಏನಾದರೂ ತಂದುಕೊಡುತ್ತಾರೆ, ಇಲ್ಲವೇ ತಂದುಕೊಡುತ್ತೇನೆ ಎಂದು ಮಾತು ಕೊಡುತ್ತಾರೆ. ಅವನೂ ಮಾತು ಕೊಟ್ಟ.

"ನಮ್ದ ಒಂದು ಗಾಡಿ ಮಾಡೂಣು. ಮುಂದಿನ ಸೀಟಿನ್ಯಾಗ ನಿನ್ನ ಕೂಡಿಸಿಕೊಂಡು ನಾನ ಹೊಡೀತೀನಿ. ನಿನ್ನ ತವರಿಗೆ ನಾನ ಒಯ್ತೀನಿ, ನೋಡು."

"ಆಗ್ಲಿ ತಗೋರಿ," ಎಂದಳು ಅಂಬವ್ವ.

ಆ ಗಾಡಿಯ ಕಾಲ ಬರುವುದಕ್ಕೆ ಮಗ ದೊಡ್ಡವನಾಗಬೇಕಾಯಿತು. ಮಗ ಮಹೇಶಕುಮಾರ ಈಗ ಕೋಠಿಯಲ್ಲಿ ಔಷಧಿಯ ಸಗಟು ಅಂಗಡಿ ನೋಡಿಕೊಳ್ಳುತ್ತಾನೆ. ಸೊಸೆ ಸ್ನೇಹಲತಾ ಗಚ್ಚಿಬೌಲಿಯ ಒಂದು ಶಾಲೆಯಲ್ಲಿ ಟೀಚರ್. ರಾಮಚಂದ್ರಾಪುರದ ಎರಡನೇ ಮಹಡಿಯ ಮನೆಯಲ್ಲಿ ನಾಲ್ವರ ಸಂಸಾರ. ದೊಡ್ಡ ಕಾರು ಬೇಡ, ತೀರ ಚಿಕ್ಕದೂ ಬೇಡ ಎಂದು ಹುಡುಕಿ ಹುಡುಕಿ, ಕೊನೆಗೆ ಎರಡು ಸಣ್ಣ ಎಸ್‌ಯುವಿಗಳಿಗೆ ಬಂದು ನಿಂತಿದ್ದರು. ಒಂದು ಬಿಳಿಯದು, ಒಂದು ಕೆಂಪಿನದು. ಬಿಳಿಯದರ ಬಾಗಿಲು ಅಗಲ, ಮೆಟ್ಟಿಲು ತಗ್ಗು, ಹಿಂದೆ ಮೂವರು ಹಾಯಾಗಿ ಕೂಡಬಹುದು, ಡಿಕ್ಕಿಯಲ್ಲಿ ಜೋಳದ ಚೀಲ ಹಿಡಿಯುತ್ತಿತ್ತು. ಕೆಂಪಿನದು ನೋಡಲು ಠೀವಿ, ಹತ್ತಲು ಎತ್ತರ, ಹಿಂದಿನ ಸೀಟು ಇಕ್ಕಟ್ಟು. ಆದರೆ ಅದಕ್ಕೆ ಸುತ್ತಲೂ ಕ್ಯಾಮೆರಾ ಇದ್ದವು. ಎಡಕ್ಕೆ ಬಲಕ್ಕೆ ಏನೇ ಹತ್ತಿರ ಬಂದರೂ ಅದು ಬೀಪ್ ಎನ್ನುತ್ತಿತ್ತು, ಕನ್ನಡಿಯಲ್ಲಿ ದೀಪ ಹತ್ತುತ್ತಿತ್ತು.

"ಅತ್ತಿಯವರ ಮೊಣಕಾಲು ನೋಡಿದ್ರ ಬಿಳೀದ ಛಲೋ," ಎಂದಳು ಸ್ನೇಹಲತಾ.

"ಅಪ್ಪ ಹೇಳಿದ್ದ ಫೈನಲ್," ಎಂದ ಮಹೇಶ. "ಅಪ್ಪಾ, ಇಡೀ ಜನ್ಮ ಸ್ಟೇರಿಂಗ್ ಹಿಡದೀರಿ. ನೀವ ಹೇಳ್ರಿ."

ಶಿವಶರಣಪ್ಪ ಶೋರೂಮಿಗೆ ಹೋಗಿ ಬಾನೆಟ್ಟಿನ ಮೇಲೆ ಕೈಯಿಟ್ಟು ಇಂಜಿನ್ನಿನ ಸದ್ದು ಕೇಳಿದ, ಬಾಗಿಲು ನಾಲ್ಕು ಸಲ ಹಾಕಿ ತೆಗೆದ, ಟೈರಿಗೆ ಬೆರಳಿನಿಂದ ಬಡಿದ. ಸೇಲ್ಸ್‌ನವರು ಸಾಹೇಬರಿಗೆ ಚಾ ತರಿಸಿದರು. ಎಲ್ಲ ಮುಗಿದು ಮನೆಗೆ ಬಂದ ಮೇಲೆ ಅವನು ಹೇಳಿದ್ದು ಕೇಳಿ ಮನೆಯವರೆಲ್ಲ ಬೆಪ್ಪಾದರು.

"ಕೆಂಪೀದ ಇರ್ಲಿ."

ಕ್ಯಾಮೆರಾ, ಪರದೆ ಎಂದರೆ ಮೂಗು ಮುರಿಯುತ್ತಿದ್ದ ಮನುಷ್ಯ. ಕನ್ನಡಿ ನೋಡಿ ಬಸ್ಸು ಹಿಂದಕ್ಕೆ ತೆಗೆಯಲು ಬಾರದವನಿಗೆ ಲೈಸೆನ್ಸ್ ಯಾಕೆ ಕೊಡಬೇಕು ಎನ್ನುತ್ತಿದ್ದವನು. ಹೆಂಡತಿಯ ಮೊಣಕಾಲನ್ನೂ ಲೆಕ್ಕಿಸದೆ ಬೀಪ್ ಎನ್ನುವ ಕಾರನ್ನು ಯಾಕೆ ಮೆಚ್ಚಿದ ಎಂಬುದು ಯಾರಿಗೂ ತಿಳಿಯಲಿಲ್ಲ. ಅಂಬವ್ವ ಮಾತ್ರ ಅವನ ಮುಖ ನೋಡಿ, ಚಾದ ಲೋಟವನ್ನು ಅವನ ಬಲಗೈ ಹತ್ತಿರ ಇಟ್ಟಳು. ಮೊದಲು ಎಡಕ್ಕೆ ಇಡುತ್ತಿದ್ದಳು. ಒಂದು ವರ್ಷದಿಂದ ಯಾಕೋ ಬಲಕ್ಕೆ ಇಡುತ್ತಿದ್ದಳು. ಅವನು ಅದನ್ನು ಗಮನಿಸಿರಲೂ ಇಲ್ಲ.

ಶಿವಶರಣಪ್ಪನ ಕಣ್ಣು ಹೋಗುತ್ತಿದ್ದವು.

ಎಡಗಣ್ಣು ಮಬ್ಬಾಗಿ ಹನ್ನೊಂದು ವರ್ಷವಾಗಿತ್ತು. ಕಂಪನಿಯಲ್ಲಿ ಪ್ರತಿ ಡಿಸೆಂಬರಿಗೆ ಡ್ರೈವರುಗಳ ಕಣ್ಣು ಪರೀಕ್ಷೆ ನಡೆಯುತ್ತಿತ್ತು. ದವಾಖಾನೆಯ ಗೋಡೆಗೆ ಇಂಗ್ಲಿಷ್ ಅಕ್ಷರದ ಒಂದು ಹಾಳೆ. ಮೇಲೆ ದೊಡ್ಡದು, ಕೆಳಗೆ ಕೆಳಗೆ ಸಣ್ಣದು. ಆ ಹಾಳೆ ಅವನು ಕೆಲಸಕ್ಕೆ ಸೇರಿದಂದಿನಿಂದ ಬದಲಾಗಿರಲಿಲ್ಲ, ಅಂಚು ಹಳದಿಗಟ್ಟಿತ್ತು ಅಷ್ಟೇ. ಡ್ರೈವರುಗಳು ಅದನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದರು. ಹಳಬರು ಹೊಸಬರಿಗೆ ಹೇಳಿಕೊಡುತ್ತಿದ್ದರು. ಶಿವಶರಣಪ್ಪನಿಗೆ ಕಲಿಸಿದವನು ಮೋಹನ ಎಂಬ ಹಿರಿಯ ಡ್ರೈವರ್. ಈ. ಎಫ್ ಪಿ. ಟಿ ಓ ಜೆಡ್. ಎಲ್ ಪಿ ಇ ಡಿ. ಪಿ ಇ ಸಿ ಎಫ್ ಡಿ. ಪರೀಕ್ಷೆಯ ಹಿಂದಿನ ವಾರ ಶಿವಶರಣಪ್ಪ ಮನೆಯಲ್ಲಿ ಗೋಡೆಗೆ ಮುಖ ಮಾಡಿ, ಬಲಗಣ್ಣು ಮುಚ್ಚಿ, ಗಟ್ಟಿಯಾಗಿ ಒಪ್ಪಿಸುತ್ತಿದ್ದ. ಡಾಕ್ಟರು "ಗುಡ್" ಎಂದು ಠಸ್ಸೆ ಹೊಡೆಯುತ್ತಿದ್ದರು. ಅವನು ಒಂದೇ ಕಣ್ಣಿನಲ್ಲಿ ಐವತ್ತು ಜನರನ್ನು ಕೂಡಿಸಿಕೊಂಡು ಹೆದ್ದಾರಿಗೆ ಇಳಿಯುತ್ತಿದ್ದ. ಏನೂ ಆಗಲಿಲ್ಲ. ಆಗಲಿಲ್ಲ ಎಂಬುದು ಅವನ ಜಾಣತನವಲ್ಲ, ಆ ಐವತ್ತು ಜನರ ಪುಣ್ಯ.

ಈಗ ಬಲಗಣ್ಣೂ ಕೈ ಕೊಟ್ಟಿತ್ತು. ಎದುರಿಗಿದ್ದದ್ದು ಕಾಣುತ್ತಿತ್ತು, ಪಕ್ಕದ್ದು ಕಾಣುತ್ತಿರಲಿಲ್ಲ. ಬಾಗಿಲ ಸಂದಿಯಿಂದ ಬೀದಿ ನೋಡಿದ ಹಾಗೆ. ಕಾರಿನ ಮಾತು ಶುರುವಾಗುವುದಕ್ಕೆ ಮೂರು ವಾರ ಮೊದಲು, ಮೋಹನನ ಮನೆಗೆ ಹೋಗುತ್ತೇನೆಂದು ಸುಳ್ಳು ಹೇಳಿ, ಅವನು ಒಬ್ಬನೇ ಕಣ್ಣಿನ ಆಸ್ಪತ್ರೆಗೆ ಹೋದ. ಅಲ್ಲಿಯೂ ಗೋಡೆಗೆ ಒಂದು ಹಾಳೆ. ಎಡಗಣ್ಣಿನಿಂದ ಓದಿ ಎಂದರು. ಶಿವಶರಣಪ್ಪ ಎದೆ ಸೆಟೆಸಿ, "ಈ. ಎಫ್ ಪಿ. ಟಿ ಓ ಜೆಡ್..." ಎಂದು ಕೊನೆಯ ಸಾಲಿನವರೆಗೆ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಪರೀಕ್ಷೆ ಮಾಡುತ್ತಿದ್ದ ಹುಡುಗಿ, "ಅಂಕಲ್, ಇಲ್ಲಿ ಬರೇ ಅಂಕಿ ಇವೆ, ಅಕ್ಷರ ಇಲ್ಲ," ಎಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿದಳು. ಅವನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಕಣ್ಣಿನೊಳಗಿನ ಒತ್ತಡ ಏರಿ ನರ ಸತ್ತಿದೆ, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಲು ದಿನಾ ಔಷಧಿ ಬಿಡಬೇಕು, ಗಾಡಿ ಮಾತ್ರ ಮುಟ್ಟಲೇಬೇಡಿ ಎಂದರು ಡಾಕ್ಟರು. ಎಡಗಣ್ಣು ಮಬ್ಬಾದಾಗಲೇ ಬಂದಿದ್ದರೆ ಬಲಗಣ್ಣು ಇಷ್ಟು ಕೆಡುತ್ತಿರಲಿಲ್ಲ ಎಂದೂ ಅಂದರು. ಶಿವಶರಣಪ್ಪ ಔಷಧಿಯ ಸೀಸೆಯನ್ನು ಅಂಗಿಯ ಕಿಸೆಯಲ್ಲಿ ಬಚ್ಚಿಟ್ಟುಕೊಂಡು ಮನೆಗೆ ಬಂದ. ತನ್ನ ಕಣ್ಣನ್ನು ತಾನೇ ಕಿತ್ತುಕೊಂಡೆ ಎಂದು ಬಸ್ಸಿನಲ್ಲಿ ಅಳು ಬಂತು. ಸಿಟಿ ಬಸ್ಸಿನಲ್ಲಿ ಅಳುವ ಮುದುಕನನ್ನು ಯಾರು ನೋಡುತ್ತಾರೆ?

ಆದರೂ ಅಂಬವ್ವನಿಗೆ ಕೊಟ್ಟ ಮಾತು ಬಾಕಿಯಿತ್ತು. ಅವಳನ್ನು ಮುಂದಿನ ಸೀಟಿನಲ್ಲಿ ಕೂಡಿಸಿ ಒಂದೇ ಒಂದು ಸಲ ನಡೆಸಿದರೆ ಸಾಕು, ಆಮೇಲೆ ಕಣ್ಣು ಹೋದರೆ ಹೋಗಲಿ ಎಂದು ಅವನ ಮನಸ್ಸು ಹಟ ಹಿಡಿದಿತ್ತು. ಕೆಂಪು ಕಾರು ತನಗೆ ಕಾಣದ್ದನ್ನು ತಾನು ನೋಡುತ್ತದಲ್ಲ? ಅದಕ್ಕೇ ಕೆಂಪಿನದು.

ಮುಂದಿನ ಭಾನುವಾರ ಬೆಳಗಿನ ಏಳಕ್ಕೆ, ರಸ್ತೆಯಲ್ಲಿ ಜನ ಇಲ್ಲದ ಹೊತ್ತು ನೋಡಿ, ಕೊಳ್ಳುವ ಮೊದಲು ಓಡಿಸಿ ನೋಡಲು ಕೆಂಪು ಕಾರನ್ನು ಮನೆಗೇ ತರಿಸಿದ. ತಂದವನು ಶೋರೂಮಿನ ನಿತಿನ, ಇಪ್ಪತ್ತೈದರ ತರುಣ. ಮೂವತ್ತೈದು ವರ್ಷದ ಡ್ರೈವರ್ ಎಂದು ಕೇಳಿಯೇ ಭಕ್ತಿಯಿಂದ ಹಿಂದಿನ ಸೀಟಿಗೆ ಹೋದ. ಮಹೇಶ ಬರುತ್ತೇನೆಂದ.

"ನೀ ಬ್ಯಾಡ. ನಿಮ್ಮವ್ವ ನಾನು, ಇಬ್ಬರ ಸಾಕು."

ಅಂಬವ್ವ ಬಾಗಿಲು ಹಿಡಿದು, ಮೊದಲನೇ ಸಲ ಹತ್ತಲಾಗದೆ, ಎರಡನೇ ಸಲ ಹಲ್ಲು ಕಚ್ಚಿ ಹತ್ತಿ ಕೂತಳು. ಇಳಕಲ್ಲ ಸೀರೆ ಉಟ್ಟುಕೊಂಡಿದ್ದಳು, ಮದುವೆಗೆ ಹೊರಟವಳ ಹಾಗೆ. "ಬರೋಬರಿ ಆತ್ರಿ," ಎಂದಳು.

ಔಟರ್ ರಿಂಗ್ ರೋಡಿನ ಪಕ್ಕದ ಸರ್ವಿಸ್ ರಸ್ತೆ ಖಾಲಿಯಿತ್ತು. ಮೊದಲ ಹತ್ತು ನಿಮಿಷ ಪಟ್ಟಷ್ಟು ಸುಖವನ್ನು ಶಿವಶರಣಪ್ಪ ಬದುಕಿನಲ್ಲೇ ಪಟ್ಟಿರಲಿಲ್ಲ. ಕೈಗೆ ಎಲ್ಲ ನೆನಪಿತ್ತು. ಎಡಕ್ಕೆ ಹೆಂಡತಿ, ಎದುರಿಗೆ ನೇರ ರಸ್ತೆ. ಇಪ್ಪತ್ತೊಂದು ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಅಲುಗಾಡಿದ ಹಾಗಾಯಿತು.

"ಎಡಕ್ಕ ಸೈಕಲ್ ಬರಾಕತ್ತೈತ್ರಿ," ಎಂದಳು ಅಂಬವ್ವ, ಮೆಲುದನಿಯಲ್ಲಿ.

"ಕಾಣಸ್ತೈತಿ ನಂಗ."

"ಹೂಂ."

ಸ್ವಲ್ಪ ದೂರ ಹೋದ ಮೇಲೆ, "ಆಕಡೆ ನಾಯಿ ಮಲಗೈತ್ರಿ," ಎಂದಳು. ಆಮೇಲೆ, "ಬಲಕ್ಕ ಆಟೋ ಐತ್ರಿ." ಹಿಂದೆ ಕೂತ ನಿತಿನ ಮೊಬೈಲಿನಲ್ಲಿ ಮುಳುಗಿದ್ದ. ಕಾರು ಸೈಕಲ್ಲಿಗೂ ಬೀಪ್ ಎಂದಿತು, ನಾಯಿಗೂ ಎಂದಿತು, ಸುಮ್ಮನೆ ನಿಂತ ಗೋಡೆಗೂ ಎಂದಿತು. ಅದು ಯಾಕೆ ಕೂಗಿತು ಎಂದು ತಿಳಿಯಲು ಪರದೆ ನೋಡಬೇಕು. ಪರದೆ ನೋಡಿದರೆ ಅವನ ಇದ್ದಷ್ಟು ನೋಟವೂ ಅಲ್ಲಿಗೆ ಹೋಗಿ ರಸ್ತೆ ಪೂರ್ತಿ ಮಾಯವಾಗುತ್ತಿತ್ತು. ಶೋರೂಮಿನಲ್ಲಿ ಇದು ಹೊಳೆದಿರಲಿಲ್ಲ.

ತಿರುವಿನಲ್ಲಿ ಮತ್ತೆ ಬೀಪ್ ಎಂದಿತು. ಅವನು ಪರದೆ ನೋಡಿದ.

"ನಿಲ್ಲಸ್ರೀ!"

ಅಂಬವ್ವ ಕಿರುಚಿ ಅವನ ತೋಳು ಹಿಡಿದಳು. ಅವನು ಬ್ರೇಕಿನ ಮೇಲೆ ಎದ್ದು ನಿಂತಂತೆ ಒತ್ತಿದ. ಕಾರು ನಿಂತಾಗ ಎಡಗಡೆಯ ಚಕ್ರದ ಕೆಳಗೆ ಒಂದು ಉದ್ದನೆಯ ಕಸಬರಿಗೆ ಮುರಿದು ಬಿದ್ದಿತ್ತು. ರಸ್ತೆ ಗುಡಿಸುವ ಹೆಂಗಸು ಒಂದು ಗೇಣು ಆಚೆಗೆ ನಿಂತು ನಡುಗುತ್ತಿದ್ದಳು. ಆಮೇಲೆ ಅವಳಿಗೆ ಬಾಯಿ ಬಂತು. ತೆಲುಗಿನಲ್ಲಿ ಅವಳು ಬೈದದ್ದು ಬಹಳ, ಆದರೆ ಶಿವಶರಣಪ್ಪನ ಕಿವಿಗೆ ಬಿದ್ದದ್ದು ಒಂದೇ: ಕಣ್ಣು ಕಾಣುವುದಿಲ್ಲವೇನು ನಿನಗೆ?

ನಿತಿನ ಇಳಿದು ಓಡಿ ಅವಳನ್ನು ಸಮಾಧಾನ ಮಾಡತೊಡಗಿದ. ಕಾರಿನೊಳಗೆ ಗಂಡ ಹೆಂಡತಿ ಇಬ್ಬರೇ ಉಳಿದರು. ಶಿವಶರಣಪ್ಪ ಕಾರು ಬಂದ್ ಮಾಡಿ ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ.

"ನನ್ನ ಬಲಗಣ್ಣೂ ಹೊಂಟೈತಿ ಅಂತ ನಿಂಗ ಯಾವಾಗ ತಿಳೀತು?" ಎಂದ.

"ಹ್ವಾದ ಯುಗಾದಿಗೆ. ಎಡಕ್ಕಿಟ್ಟ ಬೇವು ನಿಮಗ ಕಾಣಲಿಲ್ಲ. ಆವತ್ತಿಂದ ಚಾ ಬಲಕ್ಕ ಇಡಾಕತ್ತೀನಿ. ಕಿಸೆದಾಗಿನ ಸೀಸೆನೂ ನೋಡೀನಿ."

"ಮತ್ತ ಯಾಕ ಕೇಳಲಿಲ್ಲ?"

"ಯಾವ ಮಾರಿ ಇಟಗೊಂಡು ಕೇಳ್ಲಿ?" ಎಂದು ಅಂಬವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ, ಒಂದಕ್ಷರ ಇಂಗ್ಲಿಷ್ ಓದಲು ಬಾರದ ಹೆಂಗಸು, ಎದುರಿನ ರಸ್ತೆ ನೋಡುತ್ತ ಹೇಳತೊಡಗಿದಳು: "ಈ. ಎಫ್ ಪಿ. ಟಿ ಓ ಜೆಡ್. ಎಲ್ ಪಿ ಇ ಡಿ. ಪಿ ಇ ಸಿ ಎಫ್ ಡಿ. ನೀವು ಗ್ವಾಡಿ ಮುಂದ ನಿಂತು ಒಪ್ಪಿಸುವಾಗ ಎಲ್ ಪಿ ಆದಮ್ಯಾಲೆ ತಪ್ತಿದ್ರಿ. ನಾ ರೊಟ್ಟಿ ಬಡಕೋತ ತಿದ್ದತಿದ್ದೆ. ನಾ ಬಾಯಿ ಮುಚಗೊಂಡು ಇದ್ದಿದ್ರ ನೀವು ಡಾಕ್ಟರ್ ಮುಂದ ಸಿಕ್ಕೊಂತಿದ್ರಿ. ಕೆಲಸ ಹೋಗ್ತಿತ್ತು, ಹೋಗ್ಲಿ. ಕಣ್ಣರ ಉಳೀತಿದ್ವು."

ತಪ್ಪೆಲ್ಲ ತನ್ನೊಬ್ಬನದೇ ಎಂದು ಶಿವಶರಣಪ್ಪ ಹೊತ್ತು ತಿರುಗುತ್ತಿದ್ದ ಹೊತ್ತಿನಲ್ಲಿ ಇವಳೂ ಅದೇ ಭಾರ ಹೊತ್ತು, ಅದೇ ಮನೆಯಲ್ಲಿ, ಚಾದ ಲೋಟ ಬಲಕ್ಕೆ ಇಡುತ್ತ ಇದ್ದಳು. ಗೊತ್ತಿದ್ದೂ ಇವತ್ತು ಈ ಕಾರು ಹತ್ತಿದಳು. ಅವನ ಆಸೆಗೆ ಅಡ್ಡ ಬರಬಾರದೆಂದು ತನ್ನ ಜೀವವನ್ನೇ ಎಡಗಡೆಗೆ ತಂದು ಕೂಡಿಸಿದ್ದಳು. ಅವನು ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಮಗುವಿನ ಹಾಗೆ ಅತ್ತ.

"ನಡೀರಿ, ಇಳೀರಿ," ಎಂದಳು ಅಂಬವ್ವ. "ಆ ಪೋರ ಹೊಡೀಲಿ."

ಮನೆಗೆ ಬಂದು ಅವನು ಮಗನಿಗೆ ಎಲ್ಲವನ್ನೂ ಹೇಳಿದ. ಮಹೇಶನಿಗೆ ಮೊದಲು ಸಿಟ್ಟು ಬಂತು. "ಬಸ್ಸಿನ್ಯಾಗ ಐವತ್ತು ಮಂದಿ ಇರ್ತಿದ್ರು, ಅಪ್ಪಾ," ಎಂದ. ಶಿವಶರಣಪ್ಪ ಹೌದು ಎಂದು ತಲೆ ತಗ್ಗಿಸಿದ. ಸ್ನೇಹಲತಾ ಮಾವನ ಕಿಸೆಯಿಂದ ಸೀಸೆ ತೆಗೆದುಕೊಂಡು, ಯಾವ ಹೊತ್ತಿಗೆ ಬಿಡಬೇಕು ಎಂದು ಕೇಳಿದಳು. ಸಂಜೆ ಅವನು ತಾನಾಗಿಯೇ ಹೇಳಿದ:

"ಬಿಳೀದ ತಗೊಳ್ರಿ. ನಿಮ್ಮವ್ವನ ಕಾಲಿಗೆ ಛಲೋ."

ಬಿಳಿ ಕಾರು ಬಂತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದು, ಮೊದಲ ಪಯಣ ಭಾಲ್ಕಿ ಕಡೆಗೆ, ಅಂಬವ್ವನ ತವರಿಗೆ ಎಂದು ನಿರ್ಧಾರವಾಯಿತು. ಮಹೇಶ ಸ್ಟೇರಿಂಗ್ ಹಿಡಿದ. ಸ್ನೇಹಲತಾ ಮುಂದಿನ ಬಾಗಿಲು ತೆರೆದು, "ಅತ್ತಿ, ಇದು ನಿಮ್ಮ ಸೀಟು," ಎಂದಳು.

"ಬ್ಯಾಡವ್ವ. ನೀ ಕೂಡು. ನಾ ನಿಮ್ಮ ಮಾವಾರ ಎಡಕ್ಕ ಕೂಡ್ತೀನಿ."

ಕಾರು ಹೆದ್ದಾರಿಗೆ ಬಂತು. ಅಂಬವ್ವ ಮೆಲ್ಲಗೆ ಹೇಳುತ್ತಾ ಹೋದಳು: ಸಿಮೆಂಟಿನ ಲಾರಿ ನಿಂತಿದೆ, ಹಳೆಯ ಹೋಟೆಲು ಕೆಡವಿದ್ದಾರೆ, ಯಾರದೋ ಮದುವೆಯ ಪೆಂಡಾಲು ಬಿಚ್ಚುತ್ತಿದ್ದಾರೆ. ಶಿವಶರಣಪ್ಪನಿಗೆ ಆ ರಸ್ತೆಯ ಒಂದೊಂದು ತಗ್ಗೂ ಗೊತ್ತಿತ್ತು. ಕಾರು ಉಬ್ಬು ಹತ್ತಿ ಇಳಿದ ರೀತಿಯಲ್ಲೇ ಎಲ್ಲಿಗೆ ಬಂದೆವೆಂದು ತಿಳಿಯಿತು.

"ಪಟಾನ್‌ಚೆರು ಸ್ಟಾಪ್ ಬಂತೇನು?"

"ಬಂತ್ರಿ."

"ಮಹೇಶಾ, ಸ್ವಲ್ಪ ನಿಲ್ಲಸಪ್ಪಾ."

ಮಹೇಶ ಯಾಕೆ ಎಂದು ಕೇಳಲಿಲ್ಲ. ಆ ದಿನ ತಾಯಿಯ ಕೈ ಹಿಡಿದು ಅಲ್ಲಿ ನಿಂತಿದ್ದವನು ಅವನೇ. ಕಾರನ್ನು ಎಡಕ್ಕೆ ತೆಗೆದುಕೊಂಡು ಸ್ಟಾಪಿನ ಎದುರಿಗೇ ನಿಲ್ಲಿಸಿದ.

"ಯಾರರ ನಿಂತಾರೇನು?" ಎಂದ ಶಿವಶರಣಪ್ಪ.

"ಯಾರೂ ಇಲ್ರಿ. ಖಾಲಿ ಐತಿ."

ಹಿಂದಿನಿಂದ ಬಂದ ಸಿಟಿ ಬಸ್ಸು ಹಾರ್ನ್ ಹೊಡೆದು ಪಕ್ಕದಿಂದ ಹೋಯಿತು. ಆಮೇಲೆ, ಇಪ್ಪತ್ತೊಂದು ವರ್ಷ ಗಂಟಲು ದಾಟದ ಮಾತು ದಾಟಿತು.

"ಆವತ್ತ ನಾ ಇಲ್ಲಿ ನಿಲ್ಲಸಬೇಕಿತ್ತು."

ಅಂಬವ್ವ ಹೋಗಲಿ ಬಿಡ್ರಿ ಎನ್ನಲಿಲ್ಲ. ಕಿಟಕಿಯಾಚೆಗಿನ ಖಾಲಿ ಸ್ಟಾಪನ್ನು ನೋಡುತ್ತ, "ಹೌದ್ರಿ," ಎಂದಳು. "ನಿಲ್ಲಸಬೇಕಿತ್ತು."

ಅವಳು ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಕಾರು ಹೊರಟಿತು. ತುಸು ದೂರ ಹೋದ ಮೇಲೆ ಅವಳು, "ಎಡಕ್ಕ ಕೆರಿ ಬಂತ್ರಿ," ಎಂದಳು. "ನೀರು ಭಾಳ ಕಡಿಮಿ ಐತಿ."